ಎಗ್ಮೋರ್: ಮೀಟರ್‌ಗೇಜ್ ಕಟ್ಟಿಸಿದ ನಿಲ್ದಾಣ

ಚೆನ್ನೈನ ಎಗ್ಮೋರ್ ರೈಲು ನಿಲ್ದಾಣ ತಮಿಳುನಾಡಿನ ದಕ್ಷಿಣದ ಜಿಲ್ಲೆಗಳಿಗೆ ಹೆಬ್ಬಾಗಿಲು. ತಿರುಚ್ಚಿ, ಮಧುರೆ, ತಿರುನೆಲ್ವೇಲಿಗೆ ಹೋಗುವವರು ಇಲ್ಲಿ ರೈಲು ಹತ್ತುತ್ತಾರೆ. ಬೆಂಗಳೂರು, ಮುಂಬೈ, ದೆಹಲಿಯ ರೈಲುಗಳು ಬಹುಪಾಲು ಹೊರಡುವುದು ಹತ್ತಿರದ ಸೆಂಟ್ರಲ್‌ನಿಂದ. ಕೂಗಳತೆಯಲ್ಲೆಂಬಂತೆ ಎರಡು ದೊಡ್ಡ ನಿಲ್ದಾಣಗಳು ಎದ್ದದ್ದಕ್ಕೆ ಕಾರಣ ಹಳಿಯ ಅಗಲ.

1856ರ ಜುಲೈ 1ರಂದು ಮದ್ರಾಸ್ ರೈಲ್ವೆ ಕಂಪನಿ ರಾಯಪುರಂನಿಂದ ಓಡಿಸಿದ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲಿನದು ಬ್ರಾಡ್‌ಗೇಜ್ ಹಳಿ, ಅಗಲ 1676 ಮಿಲಿಮೀಟರ್. ಅದರದೇ ಕವಲು ಜೋಲಾರಪೇಟೆಯಿಂದ ಹೊರಟು 1864ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಮುಟ್ಟಿತು. 1873ರಲ್ಲಿ ಸೆಂಟ್ರಲ್ ತೆರೆಯಿತು. ಆದರೆ ಸೌತ್ ಇಂಡಿಯನ್ ರೈಲ್ವೆ ದಕ್ಷಿಣದ ಊರುಗಳಿಂದ ಮದ್ರಾಸಿಗೆ ತಂದದ್ದು ಮೀಟರ್‌ಗೇಜ್. ಒಂದು ಕಂಪನಿಯ ಬೋಗಿ ಇನ್ನೊಂದರ ಹಳಿಯ ಮೇಲೆ ಉರುಳದು. ಹಾಗಾಗಿ ಮೀಟರ್‌ಗೇಜಿಗೆ ತನ್ನದೇ ದೊಡ್ಡ ನಿಲ್ದಾಣ ಬೇಕಾಯಿತು.

1905ರಲ್ಲಿ ಕೆಲಸ ಶುರುವಾಯಿತು. ಈ ಕಟ್ಟಡದಲ್ಲಿ ಕನ್ನಡ ನಾಡಿನ ನಂಟು ಎರಡು ಕಡೆಯಿಂದ ಸೇರಿದೆ. ಇದರ ನಕ್ಷೆ ಬರೆದ ಹೆನ್ರಿ ಇರ್ವಿನ್, ಮೈಸೂರಿನ ಅಂಬಾವಿಲಾಸ ಅರಮನೆಯ ವಾಸ್ತುಶಿಲ್ಪಿ. ಆಗ ಅರಮನೆಯ ಕೆಲಸವೂ ನಡೆಯುತ್ತಿತ್ತು. ಕಟ್ಟಿದ ಗುತ್ತಿಗೆದಾರ ಬೆಂಗಳೂರಿನ ಟಿ. ಸಾಮಿನಾಥ ಪಿಳ್ಳೆ. ಕೆಂಪು ಗೋಡೆ, ಬಿಳಿಯ ಅಂಚು, ನಡುವೆ ಗುಮ್ಮಟ, ಉದ್ದಕ್ಕೂ ಕಮಾನುಗಳು: ಇಂಡೋ-ಸಾರಸೆನಿಕ್ ಶೈಲಿಯ ಈ ನಿಲ್ದಾಣ 1908ರ ಜೂನ್ 11ರಂದು ತೆರೆಯಿತು. ವೆಚ್ಚ ಸುಮಾರು 17 ಲಕ್ಷ ರೂಪಾಯಿ.

ಎಗ್ಮೋರಿನ ಹೆಸರನ್ನು ದೂರಕ್ಕೆ ಒಯ್ದದ್ದು ಬೋಟ್ ಮೇಲ್. 1914ರಲ್ಲಿ ಪಾಂಬನ್ ಸೇತುವೆ ಮುಗಿದ ಮೇಲೆ ರೈಲು ಧನುಷ್ಕೋಟಿಯವರೆಗೂ ಹೋಯಿತು. ಅಲ್ಲಿ ಹಡಗು ಹತ್ತಿದರೆ ಆಚೆ ದಡದ ತಲೈಮನ್ನಾರ್. ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ. ಮದ್ರಾಸಿನಲ್ಲಿ ಕೊಂಡ ಟಿಕೆಟ್ಟಿನಲ್ಲೇ ಸಮುದ್ರ ದಾಟಿ ಇನ್ನೊಂದು ದೇಶ ಸೇರಬಹುದಿತ್ತು. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಟಿಯ ನಿಲ್ದಾಣ, ಬಂದರು, ಹಳಿ ಎಲ್ಲವನ್ನೂ ಅಳಿಸಿತು, ಪ್ರಯಾಣಿಕರಿದ್ದ ರೈಲೊಂದನ್ನೂ ಕೊಚ್ಚಿಕೊಂಡು ಹೋಯಿತು. ಆ ಹಳಿಯನ್ನು ಮತ್ತೆ ಹಾಕಲಿಲ್ಲ. ರೈಲಿನ ಪಯಣ ರಾಮೇಶ್ವರಕ್ಕೇ ನಿಂತಿತು.

ಊರೊಳಗಿನ ಓಡಾಟಕ್ಕೂ ಎಗ್ಮೋರ್ ಬಹಳ ಬೇಗ ಹೊಂದಿಕೊಂಡಿತು. 1931ರಲ್ಲಿ ಮದ್ರಾಸ್ ಬೀಚ್‌ನಿಂದ ಎಗ್ಮೋರ್ ಹಾದು ತಾಂಬರಂವರೆಗೆ ವಿದ್ಯುತ್ ರೈಲು ಓಡಿತು. ಸೆಂಟ್ರಲ್‌ಗೆ ಬಂದಿಳಿದವರು ಎದುರಿನ ಪಾರ್ಕ್ ನಿಲ್ದಾಣದಲ್ಲಿ ಈ ಲೋಕಲ್ ಹತ್ತಿದರೆ ಮುಂದಿನ ನಿಲುಗಡೆಯೇ ಎಗ್ಮೋರ್. ಎರಡು ಗೇಜುಗಳ ನಡುವಣ ಕೊರತೆಯನ್ನು ದಶಕಗಳ ಕಾಲ ತುಂಬಿದ್ದು ಈ ಪುಟ್ಟ ರೈಲೇ.

1951ರ ಏಪ್ರಿಲ್ 14ರಂದು ಸೌತ್ ಇಂಡಿಯನ್, ಮದ್ರಾಸ್ ಆ್ಯಂಡ್ ಸದರ್ನ್ ಮರಾಠ, ಮೈಸೂರು ಸಂಸ್ಥಾನದ ರೈಲ್ವೆಗಳು ಒಂದಾಗಿ ದಕ್ಷಿಣ ರೈಲ್ವೆ ಹುಟ್ಟಿತು. ಆಡಳಿತ ಒಂದಾದರೂ ಹಳಿ ಒಂದಾಗಲು ಅರ್ಧ ಶತಮಾನ ಹಿಡಿಯಿತು. 1977ರಲ್ಲಿ ಶುರುವಾದ, ಮಧುರೆಯನ್ನು ಹಗಲಿನಲ್ಲೇ ಮುಟ್ಟಿಸುವ ವೈಗೈ ಎಕ್ಸ್‌ಪ್ರೆಸ್ ಕೂಡ ಮೀಟರ್‌ಗೇಜಿನದೇ. 1990ರ ದಶಕದಲ್ಲಿ ಗೇಜ್ ಪರಿವರ್ತನೆ ವೇಗ ಪಡೆಯಿತು. 2004ರಲ್ಲಿ ತಾಂಬರಂ ಕಡೆಯ ಕೊನೆಯ ಮೀಟರ್‌ಗೇಜ್ ಲೋಕಲ್ ನಿಂತಿತು. ಬ್ರಾಡ್‌ಗೇಜ್ ಬಂದ ಮೇಲೆ ಉತ್ತರದ ಹಳಿಗಳೂ ಎಗ್ಮೋರಿಗೆ ತೆರೆದುಕೊಂಡವು. ಇಲ್ಲಿಂದ ತಿರುಚ್ಚಿ, ಪಾಲಕ್ಕಾಡು, ಕಾಸರಗೋಡು ಹಾದು ಮಂಗಳೂರಿಗೂ ರೈಲು ಹೊರಟಿತು.

2018ರ ಮೇ ತಿಂಗಳಲ್ಲಿ ನೆಲದಡಿಯ ಮೆಟ್ರೊ ನಿಲ್ದಾಣ ಜೊತೆಗೂಡಿತು. ಸೆಂಟ್ರಲ್‌ಗೆ ಈಗ ಮೆಟ್ರೊದಲ್ಲೂ ಹೋಗಬಹುದು. ಇರ್ವಿನ್‌ನ ಕಟ್ಟಡವನ್ನು ಉಳಿಸಿಕೊಂಡು ನಿಲ್ದಾಣವನ್ನು ವಿಸ್ತರಿಸುವ ಕೆಲಸವನ್ನು ದಕ್ಷಿಣ ರೈಲ್ವೆ ಕೈಗೆತ್ತಿಕೊಂಡಿದೆ.