ಹಿಮದ ಮೇಲಣ ಹೆಜ್ಜೆ: ಮೊಲದ ಬೇಟೆಯೂ ಕ್ರೈಸ್ತ ಮನಸ್ಸಾಕ್ಷಿಯೂ

1523ರ ಏಪ್ರಿಲ್ ತಿಂಗಳಲ್ಲಿ ಲಂಡನಿನ ಬ್ಲ್ಯಾಕ್‌ಫ್ರಯರ್ಸ್ ಮಠದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸೇರಿತು. ಫ್ರಾನ್ಸಿನ ಮೇಲಣ ಯುದ್ಧಕ್ಕೆ ಹಣ ಕೂಡಿಸುವುದೇ ಎಂಟನೆಯ ಹೆನ್ರಿಯ ಮುಖ್ಯ ಉದ್ದೇಶವಾಗಿತ್ತು. ಚರಿತ್ರಕಾರರು ಈ ಅಧಿವೇಶನವನ್ನು ಸ್ಮರಿಸುವುದೂ ಕಾರ್ಡಿನಲ್ ವುಲ್ಸಿಯ ತೆರಿಗೆಯ ಬೇಡಿಕೆಗಾಗಿಯೇ. ಆದರೆ ಅದೇ ಅಧಿವೇಶನದ ಶಾಸನಗಳ ನಡುವೆ ಮೊಲಗಳನ್ನು ಕುರಿತ ಪುಟ್ಟ ಶಾಸನವೊಂದೂ ಇದೆ. ಹಿಮ ಬಿದ್ದಿರುವಾಗ ಹೆಜ್ಜೆಯ ಜಾಡು ಹಿಡಿದು, ನಾಯಿಯಿಂದಾಗಲಿ ಬಿಲ್ಲಿನಿಂದಾಗಲಿ ಬೇರಾವ ಉಪಾಯದಿಂದಾಗಲಿ ಯಾರೂ ಮೊಲವನ್ನು ಕೊಲ್ಲಕೂಡದು. ಕೊಂದರೆ ಒಂದೊಂದು ಮೊಲಕ್ಕೂ 6 ಶಿಲ್ಲಿಂಗ್ 8 ಪೆನ್ಸ್ ದಂಡ. ಅಂದಿನ ಕೂಲಿಯಾಳಿನ ದಿನಗೂಲಿ ಸುಮಾರು 4 ಪೆನ್ಸ್. ಹೀಗಾಗಿ ಒಂದು ಮೊಲದ ಬೆಲೆ 20 ದಿನಗಳ ದುಡಿಮೆ.

ಈ ಶಾಸನವನ್ನು ಮೊದಲ ಬಾರಿ ಓದಿದಾಗ ನಮಗೆ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿರುವ ಹಕ್ಕಿಗೂಡಿನ ವಿಧಿ ನೆನಪಾಯಿತು. ಗೂಡಿನಲ್ಲಿ ಮರಿಗಳ ಮೇಲೆ ತಾಯಿಹಕ್ಕಿ ಕುಳಿತಿದ್ದರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು ಎಂಬುದು ಅಲ್ಲಿಯ ಆಜ್ಞೆ. ಕೊಲ್ಲುವುದನ್ನು ಪೂರ್ತಿಯಾಗಿ ನಿಷೇಧಿಸದೆ, ಜೀವಿ ನಿರುಪಾಯವಾದ ಗಳಿಗೆಯಲ್ಲಿ ಕೈ ತಡೆಯುವ ವಿಧಿ ಅದು. ಹಿಮದ ಶಾಸನವೂ ಅಂಥದೇ ಕರುಣೆಯಿಂದ ಹುಟ್ಟಿತೆಂದು ಭಾವಿಸಲು ಮನಸ್ಸು ಹಾತೊರೆಯುತ್ತದೆ.

ಏಕೆಂದರೆ ಹಿಮದಲ್ಲಿ ಮೊಲವು ನಿಜವಾಗಿಯೂ ನಿರುಪಾಯ. ಹಿಮ ಬೀಳದ ನಾಡಿನಲ್ಲಿ ಬಾಳುವ ನಮಗೆ ಇದರ ಮರ್ಮ ತಿಳಿಯಬೇಕಾದರೆ ಆ ಪ್ರಾಣಿಯ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಇಂಗ್ಲೆಂಡಿನ ಹೊಲಗಳ ಕಂದುಮೊಲ ಬಿಲ ತೋಡುವುದಿಲ್ಲ. ಬಯಲಿನಲ್ಲೇ ಹುಲ್ಲನ್ನು ಅದುಮಿ ಹಕ್ಕೆ ಮಾಡಿಕೊಂಡು ಹಗಲೆಲ್ಲ ಅಲುಗಾಡದೆ ಮಲಗಿರುತ್ತದೆ. ಹಕ್ಕೆ ಸೇರುವ ಮುನ್ನ ತಾನು ಬಂದ ದಾರಿಯಲ್ಲೇ ಹಿಂದಿರುಗಿ, ಅಲ್ಲಿಂದ ಪಕ್ಕಕ್ಕೆ ದೂರ ನೆಗೆದು, ವಾಸನೆಯ ಜಾಡನ್ನು ತುಂಡರಿಸುತ್ತದೆ. ಹುಲ್ಲುನೆಲದಲ್ಲಿ ಈ ಜಾಣತನ ನಾಯಿಯ ಮೂಗನ್ನೂ ದಾರಿ ತಪ್ಪಿಸಬಲ್ಲದು. ಹಿಮದ ಮೇಲಾದರೋ ಹಿಂದಿರುಗಿದ ಹೆಜ್ಜೆ, ನೆಗೆದ ಜಾಗ, ಇಳಿದ ಜಾಗ ಎಲ್ಲವೂ ಅಚ್ಚೊತ್ತಿದಂತೆ ಉಳಿಯುತ್ತವೆ. ಮೊಲವು ತನ್ನನ್ನು ಉಳಿಸಿಕೊಳ್ಳಲು ಮಾಡಿದ ತಂತ್ರವೇ ಬೇಟೆಗಾರನಿಗೆ ದಾರಿ ತೋರಿಸುತ್ತದೆ. ಬೆಟ್ಟದ ಮೊಲದಂತೆ ಚಳಿಗಾಲದಲ್ಲಿ ಬೆಳ್ಳಗಾಗುವ ಭಾಗ್ಯವೂ ಇದಕ್ಕಿಲ್ಲ. (ನಾಯಿಗಳನ್ನೇ ತಿರುಗಿ ಅಟ್ಟಿದ ಮೊಲವೊಂದು ನಮಗೆ ವಿಜಯನಗರದ ಸ್ಥಾಪನೆಯ ಐತಿಹ್ಯದಿಂದ ಪರಿಚಿತ. ಪೋರ್ಚುಗೀಸ್ ಬರಹಗಾರ ನೂನಿಜನು ಆ ಕಥೆಯನ್ನು ಬರೆದಿಟ್ಟದ್ದೂ ಇದೇ 16ನೆಯ ಶತಮಾನದಲ್ಲಿ. ಯುರೋಪಿನ ಮೊಲಕ್ಕೆ ಅಂಥ ಕಥೆ ಒದಗಲಿಲ್ಲ.)

ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನನು ಬೇಟೆಯನ್ನು ಕುರಿತ ತನ್ನ ಗ್ರಂಥದಲ್ಲಿ ಹಿಮದ ಬೇಟೆಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಹಿಮದಲ್ಲಿ ನಾಯಿಗಳನ್ನು ಒಯ್ಯಬೇಡಿರಿ, ಅವುಗಳ ಮೂಗೂ ಪಾದಗಳೂ ಸುಟ್ಟಂತಾಗುತ್ತವೆ. ಬಲೆಯೊಂದಿಗೆ ಹೋದರೆ ಸಾಕು, ಮೊಲದ ರೋಮಭರಿತ ಅಂಗಾಲಿಗೆ ಹಿಮದ ಗಡ್ಡೆ ಅಂಟಿಕೊಂಡು ಅದು ಬೇಗನೆ ಸೋಲುತ್ತದೆ ಎಂಬುದು ಅವನ ಉಪದೇಶ. ನಾಯಿಯ ಪಾದಕ್ಕೆ ಮರುಕವುಂಟು, ಮೊಲದ ಪಾದಕ್ಕೆ ಇಲ್ಲ. ಆದರೂ ಅದೇ ಲೇಖಕನು, ಎಳೆಯ ಮರಿಮೊಲಗಳನ್ನು ಬೇಟೆಗಾರರು ದೇವತೆಗೆಂದು ಬಿಟ್ಟುಬಿಡುತ್ತಾರೆ ಎಂದೂ ಹೇಳುತ್ತಾನೆ. ಅವನ ಬಳಿಕ ಐದು ಶತಮಾನಗಳು ಕಳೆದ ಮೇಲೆ, ಎಪಿಕ್ಟೀಟಸನ ಶಿಷ್ಯನಾದ ಅರಿಯನನು ಇನ್ನೊಂದು ಹೆಜ್ಜೆ ಮುಂದಿಟ್ಟನು. ನಿಜವಾದ ಬೇಟೆಗಾರನು ನಾಯಿಯನ್ನು ಬಿಡುವುದು ಮೊಲವನ್ನು ಹಿಡಿಯಲೆಂದಲ್ಲ, ಓಟದ ಸ್ಪರ್ಧೆಯನ್ನು ನೋಡಲೆಂದು. ಮೊಲ ತಪ್ಪಿಸಿಕೊಂಡರೆ ಅವನು ಸಂತೋಷಪಡುತ್ತಾನೆ ಎಂಬುದು ಅವನ ವಾದ. ಇಂಗ್ಲೆಂಡಿನ ಕುಲೀನರು ಮುಂದೆ ಅನುಸರಿಸಿದ್ದು ಈ ಮಾರ್ಗವನ್ನೇ. 1ನೆಯ ಎಲಿಜಬೆತಳ ಕಾಲದಲ್ಲಿ ನಾರ್ಫಕ್ ಡ್ಯೂಕನದೆನ್ನಲಾದ ನಿಯಮಗಳ ಪ್ರಕಾರ ಮೊಲವು 240 ಗಜ ದೂರ ಓಡುವವರೆಗೆ ನಾಯಿಗಳ ಹಗ್ಗ ಕಳಚುವಂತಿರಲಿಲ್ಲ. ಹೀಗೆ ಮೊಲಕ್ಕೆ ಕೊಡುತ್ತಿದ್ದ ಅಂತರಕ್ಕೆ ಇಂಗ್ಲಿಷ್ ಬೇಟೆಗಾರರ ಮಾತಿನಲ್ಲಿ ಇದ್ದ ಹೆಸರು ‘ಧರ್ಮಶಾಸ್ತ್ರ’ ಎಂಬುದಕ್ಕೆ ನಾವು ಬಳಸುವ ಅದೇ ಇಂಗ್ಲಿಷ್ ಪದ, ‘ಲಾ’. ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ತೋರಬಹುದು: ಇಲ್ಲಿ ‘ಲಾ’ ಎಂದರೆ ಮೊಲಕ್ಕೆ ದೊರೆಯುವ ಅಲ್ಪ ಕೃಪೆ.

ಹಾಗಾದರೆ 1523ರ ಶಾಸನವೂ ಇಂಥ ಕೃಪೆಯೇ? ಅದರ ಪೀಠಿಕೆ ಬೇರೆಯದನ್ನೇ ಹೇಳುತ್ತದೆ. ರಾಜನಿಗೂ ಕುಲೀನರಿಗೂ ಮೊಲದ ಬೇಟೆ ವಿನೋದವಾಗಿರುತ್ತದೆ. ಕೆಲವರು ಹಿಮದಲ್ಲಿ ಜಾಡು ಹಿಡಿದು ಒಂದೇ ದಿನದಲ್ಲಿ ಹತ್ತು ಹನ್ನೆರಡು ಮೊಲಗಳನ್ನು ಕೊಲ್ಲುವುದರಿಂದ ಆ ವಿನೋದ ನಾಶವಾಗುತ್ತಿದೆ. ಇದು ಅದರ ದೂರು. ಮೊಲದ ಸಂಕಟದ ಬಗ್ಗೆ ಒಂದು ಮಾತೂ ಇಲ್ಲ. ಶಾಸನವು ಎಲ್ಲ ಅಂತಸ್ತಿನವರಿಗೂ ಸಮಾನವಾಗಿ ಅನ್ವಯಿಸುತ್ತಿತ್ತೆಂಬುದು ದಿಟ. ಆದರೆ ಕುಲೀನನಿಗೆ ಹಿಮವಿಲ್ಲದ ದಿನಗಳೆಲ್ಲ ತೆರೆದಿದ್ದವು. ಅವನಿಗೆ ಕುದುರೆಯೂ ನಾಯಿಹಿಂಡೂ ಇದ್ದವು. ಬಡವನಿಗೆ ಅವೊಂದೂ ಇರಲಿಲ್ಲ, ಇಟ್ಟುಕೊಳ್ಳುವ ಹಕ್ಕೂ ಇರಲಿಲ್ಲ. 1390ರಲ್ಲಿ, ಎರಡನೆಯ ರಿಚರ್ಡನ ಕಾಲದಲ್ಲಿಯೇ, ವರ್ಷಕ್ಕೆ 40 ಶಿಲ್ಲಿಂಗ್ ಉತ್ಪತ್ತಿಯ ಭೂಮಿಯಿಲ್ಲದವನು ಬೇಟೆನಾಯಿಯನ್ನಾಗಲಿ ಬಲೆಯನ್ನಾಗಲಿ ಹೊಂದಿರಬಾರದೆಂದು ವಿಧಿಸಲಾಗಿತ್ತು. ಹಿಮವೊಂದೇ ಅವನನ್ನು ಕುಲೀನನಿಗೆ ಸಮನನ್ನಾಗಿ ಮಾಡುತ್ತಿತ್ತು: ಆಗ ನೋಡುವ ಕಣ್ಣೂ ಕೈಯಲ್ಲೊಂದು ದೊಣ್ಣೆಯೂ ಇದ್ದರೆ ಸಾಕು. ಹೊಲದ ಕೆಲಸ ನಿಂತು, ಕೂಲಿಯೂ ನಿಲ್ಲುವ ದಿನಗಳು ಅವೇ ಎಂಬುದನ್ನು ಮರೆಯಬಾರದು.

1390ರ ಶಾಸನವನ್ನು ಸಭೆಯ ಸೇವಕರಾದ ನಾವು ಎರಡು ಕಾರಣಗಳಿಗಾಗಿ ಓದಬೇಕು. ಮೊದಲನೆಯದು, ಅದರ ಪೀಠಿಕೆಯ ಭಕ್ತಿ. ಒಳ್ಳೆಯ ಕ್ರೈಸ್ತರು ಹಬ್ಬದ ದಿನಗಳಲ್ಲಿ ದೇವಾಲಯದಲ್ಲಿ ದೇವಾರಾಧನೆ ಕೇಳುತ್ತಿರುವಾಗ ಕುಶಲಕರ್ಮಿಗಳೂ ಕೂಲಿಗಳೂ ಬೇಟೆಗೆ ಹೋಗುತ್ತಾರೆ, ಆ ನೆವದಲ್ಲಿ ಕೂಡಿ ಒಳಸಂಚು ಮಾಡುತ್ತಾರೆ ಎಂದು ಅದು ಆಪಾದಿಸುತ್ತದೆ. 1381ರ ರೈತದಂಗೆಯ ಭಯ ಇನ್ನೂ ಆರಿರಲಿಲ್ಲ. ಆ ಭಯಕ್ಕೆ ಸಬ್ಬತ್ತಿನ ಅಂಗಿಯನ್ನು ತೊಡಿಸಲಾಯಿತು. ಎರಡನೆಯದು, ಅದರಲ್ಲಿ ಪಾದ್ರಿಗಳಿಗೂ ಒಂದು ಮಿತಿಯಿದೆ. ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ವರಮಾನದ ಪಾದ್ರಿ ಬೇಟೆನಾಯಿ ಸಾಕುವಂತಿಲ್ಲ. ಅಂದರೆ, ಅದಕ್ಕಿಂತ ಹೆಚ್ಚಿದ್ದವನು ಸಾಕಬಹುದು!

ಸಭೆಯ ಸ್ವಂತ ಶಾಸನವಾದರೋ ಯಾವ ಪಾದ್ರಿಯೂ ಸಾಕಕೂಡದೆಂದು ಬಹು ಹಿಂದೆಯೇ ಹೇಳಿತ್ತು. 506ರ ಆಗ್ಡ್ ಸಭಾಸಮ್ಮೇಳನ ಬಿಷಪರಿಗೂ ಯಾಜಕರಿಗೂ ಡೀಕನರಿಗೂ ಬೇಟೆನಾಯಿ, ಗಿಡುಗಗಳನ್ನು ನಿಷೇಧಿಸಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಅದನ್ನೇ ಮತ್ತೆ ಸಾರಿತು. 12ನೆಯ ಶತಮಾನದ ಗ್ರೇಷಿಯನನ ಸಂಗ್ರಹದಲ್ಲಿ ಜೆರೋಮರ ಹೆಸರಿನ ಮಾತೊಂದುಂಟು: ಸತ್ಯವೇದದಲ್ಲಿ ಪವಿತ್ರರಾದ ಬೆಸ್ತರು ಸಿಗುತ್ತಾರೆ, ಪವಿತ್ರನಾದ ಬೇಟೆಗಾರ ಸಿಗುವುದಿಲ್ಲ ಎಂಬುದು ಅದರ ಭಾವ. ಆದೇಶ ಪದೇ ಪದೇ ಬಂದದ್ದೇ ಅದು ಪಾಲನೆಯಾಗಲಿಲ್ಲವೆಂಬುದಕ್ಕೆ ಸಾಕ್ಷಿ; ಚಾಸರನು ಚಿತ್ರಿಸಿದ ಸಂನ್ಯಾಸಿಗೆ ಮೊಲದ ಬೇಟೆಯೇ ಪರಮಸುಖವಾಗಿತ್ತು. ಮುಂದೆ ಸಭಾಶಾಸನ ಪಂಡಿತರು ಗದ್ದಲದ ಬೇಟೆ, ಸದ್ದಿಲ್ಲದ ಬೇಟೆ ಎಂದು ಭೇದ ಮಾಡಿದರು. ನಾಯಿ, ಗಿಡುಗಗಳೊಡನೆ ಕೂಗುತ್ತ ಹೋಗುವುದು ಮೊದಲನೆಯದು. ಬಲೆ, ಉರುಲುಗಳದು ಎರಡನೆಯದು. ರೋಮನ್ ಕಥೋಲಿಕ ಸಭೆಯ 1917ರ ಸಂಹಿತೆಯಲ್ಲಿಯೂ ಗದ್ದಲದ ಬೇಟೆ ಯಾಜಕರಿಗೆ ಎಂದೂ ಸಲ್ಲದೆಂದೇ ಇತ್ತು. ಆದರೆ ಈ ಸಾಲಿನ ಶಾಸನಗಳೆಲ್ಲ ಕಾಯುವುದು ಯಾಜಕನ ಮರ್ಯಾದೆಯನ್ನು. ಉರುಲಿನಲ್ಲಿ ರಾತ್ರಿಯೆಲ್ಲ ಒದ್ದಾಡುವ ಮೊಲದ ದೃಷ್ಟಿಯಿಂದ ಸದ್ದಿಲ್ಲದ ಬೇಟೆ ಹೇಗೆ ಮೇಲಾದೀತು?

ಮೊಲದ ದೃಷ್ಟಿಯಿಂದ ಮಾತಾಡಿದವರು ಇರಲಿಲ್ಲವೆಂದಲ್ಲ. ಅವರಲ್ಲೊಬ್ಬರು 1523ರ ಆ ಪಾರ್ಲಿಮೆಂಟಿನಲ್ಲೇ ಇದ್ದರು. ಕಾಮನ್ಸ್ ಸಭೆಯ ಸ್ಪೀಕರ್ ತಾಮಸ್ ಮೋರರು, ಏಳು ವರ್ಷಗಳ ಹಿಂದೆ, 1516ರಲ್ಲಿ, ‘ಯುಟೋಪಿಯ’ವನ್ನು ಪ್ರಕಟಿಸಿದ್ದರು. ಅದರ ದ್ವೀಪವಾಸಿಗಳು ಬೇಟೆಯನ್ನು ಸ್ವತಂತ್ರ ಪ್ರಜೆಗೆ ತಕ್ಕುದಲ್ಲವೆಂದು ಕಟುಕರಿಗೆ ಬಿಟ್ಟಿದ್ದಾರೆ. ಓಟವೇ ನಿಮಗೆ ಪ್ರಿಯವಾದರೆ ನಾಯಿ ನಾಯಿಯನ್ನು ಅಟ್ಟಿದರೂ ಅದು ಓಟವೇ ಅಲ್ಲವೆ. ಕೊಲೆಯನ್ನು ನೋಡುವ ಆಸೆಯಾದರೆ, ದುರ್ಬಲವೂ ನಿರಪರಾಧಿಯೂ ಆದ ಮೊಲವನ್ನು ಬಲಶಾಲಿಯಾದ ನಾಯಿ ಸೀಳುವಾಗ ನಿಮ್ಮಲ್ಲಿ ಕನಿಕರ ಹುಟ್ಟಬೇಕಲ್ಲವೆ ಎಂದು ಅವರು ವಾದಿಸುತ್ತಾರೆ. ಅರಿಯನನ ಸಮರ್ಥನೆಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ಬೇರೆಲ್ಲೂ ಕಂಡಿಲ್ಲ. ಇಂಥದನ್ನು ಬರೆದವರು ಪೀಠದಲ್ಲಿದ್ದ ಸಭೆಯೇ, ಕುಲೀನರ ನಾಯಿಗಳಿಗೆ ಮೊಲಗಳು ಉಳಿಯಲೆಂದು ಹಿಮದ ಶಾಸನವನ್ನು ಅಂಗೀಕರಿಸಿತು. ಸ್ಪೀಕರನ ಪೀಠ ಸ್ವಂತ ಮತವನ್ನು ಸಾರುವ ಸ್ಥಳವಲ್ಲ. ಆದುದರಿಂದ ಮೋರರನ್ನು ದೂಷಿಸಲು ನಾವು ಮುಂದಾಗುವುದಿಲ್ಲ. ಗ್ರಂಥದಲ್ಲಿ ಕಂಡ ಸತ್ಯ ಸಭಾಗೃಹದ ಬಾಗಿಲಲ್ಲೇ ನಿಂತುಬಿಡುವುದು ನಮ್ಮ ಸಿನೊಡುಗಳಲ್ಲಿಯೂ ಅಪರೂಪವಲ್ಲ.

ಹಿಮದ ನಿಷೇಧ 1604ರ ಶಾಸನದಲ್ಲಿ ಮತ್ತೆ ಬಂದಿತು. 1671ರಲ್ಲಿ ಬೇಟೆಯ ಹಕ್ಕಿಗೆ ವರ್ಷಕ್ಕೆ 100 ಪೌಂಡಿನ ಭೂಮಿಯ ಅರ್ಹತೆಯನ್ನು ವಿಧಿಸಿದರು. 1831ರಲ್ಲಷ್ಟೇ ಆ ಅರ್ಹತೆ ರದ್ದಾಯಿತು. ಸ್ಪರ್ಧೆಗಾಗಿ ನಾಯಿಗಳನ್ನು ಮೊಲದ ಮೇಲೆ ಬಿಡುವ ಆಟ ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಕಾನೂನಿನಿಂದ ನಿಂತದ್ದು 2005ರ ಫೆಬ್ರವರಿಯಲ್ಲಿ.

ಕೊನೆಗೆ ನಾವು ಸಂತ ಅನ್ಸೆಲ್ಮರ ಬಳಿಗೆ ಹಿಂದಿರುಗುತ್ತೇವೆ. 1093ರಿಂದ 1109ರವರೆಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪರಾಗಿದ್ದ ಅವರ ಸಂಗಡಿಗ ಎಡ್ಮರನು ಈ ಘಟನೆಯನ್ನು ಬರೆದಿದ್ದಾನೆ. ಅನ್ಸೆಲ್ಮರು ವಿಂಡ್ಸರಿನಿಂದ ಹೇಸ್ ಎಂಬ ಊರಿಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ, ಅವರ ಪರಿವಾರದ ಹುಡುಗರು ದಾರಿಯಲ್ಲಿ ಕಂಡ ಮೊಲವನ್ನು ನಾಯಿಗಳೊಡನೆ ಅಟ್ಟಿದರು. ಅದು ಓಡಿಬಂದು ಅವರ ಕುದುರೆಯ ಕಾಲುಗಳ ನಡುವೆ ಕುಸಿಯಿತು. ಅವರು ಕುದುರೆಯನ್ನು ನಿಲ್ಲಿಸಿದರು. ನಾಯಿಗಳು ಸುತ್ತುವರಿದು ನಿಂತವು, ಮುಟ್ಟಲಿಲ್ಲ. ಜನ ನಕ್ಕರು; ಅನ್ಸೆಲ್ಮರು ಅತ್ತರು. ದೇಹವನ್ನು ಬಿಟ್ಟು ಹೊರಡುವ ಆತ್ಮವನ್ನು ವೈರಿಗಳು ಹೀಗೆಯೇ ಮುತ್ತುತ್ತಾರೆ, ಆಸರೆಗಾಗಿ ಅದು ಹೀಗೆಯೇ ತಡಕಾಡುತ್ತದೆ ಎಂದರು. ಬಳಿಕ ನಾಯಿಗಳನ್ನು ತಡೆಹಿಡಿಸಿ, ಮೊಲವನ್ನು ಬೆನ್ನಟ್ಟಕೂಡದೆಂದು ಆಜ್ಞಾಪಿಸಿದರು.

ಇದನ್ನು ಆತ್ಮದ ದೃಷ್ಟಾಂತವೆಂದು ಮಾತ್ರ ಬೋಧಿಸುವುದು ವಾಡಿಕೆ. ಹಾಗೆ ಬೋಧಿಸುವಾಗ ಮೊಲವು ದೃಷ್ಟಾಂತದಲ್ಲಿ ಕರಗಿಹೋಗುತ್ತದೆ. ಎಡ್ಮರನ ಬರಹದಲ್ಲಾದರೋ ಅದು ಕರಗುವುದಿಲ್ಲ. ಉಪದೇಶ ಮುಗಿದ ಮೇಲೆ ಎದ್ದು, ಹೊಲಗಾಡಿನ ಕಡೆಗೆ ಓಡುತ್ತದೆ. ಆ ಹುಡುಗರೂ ಕರಗಬಾರದೆಂದು ನಮ್ಮ ಆಶೆ. ಅವರು ಆರ್ಚ್‌ಬಿಷಪರ ಮನೆಯಲ್ಲಿ ಬೆಳೆಯುತ್ತಿದ್ದವರು. ಮೊಲ ಕೈತಪ್ಪಿದರೂ ಹೇಸಿನಲ್ಲಿ ಅವರಿಗೆ ಊಟವಿತ್ತು. ಹಿಮದ ದಿನ, ಒಲೆಯ ಮೇಲೆ ಬರಿಗಡಿಗೆಯನ್ನಿಟ್ಟು ಹೊರಟ ಕೂಲಿಯಾಳೊಬ್ಬನು ಆ ನಾಯಿಗಳ ಹಿಂದೆ ಓಡಿಬಂದಿದ್ದರೆ, ಅನ್ಸೆಲ್ಮರು ಮೊಲವನ್ನು ಬಿಡಿಸಿದ ಮೇಲೆ ಅವನನ್ನೂ ಹೇಸಿನ ಊಟಕ್ಕೆ ಕರೆಯಬೇಕಾಗುತ್ತಿತ್ತು.