ಜೂಜಿನ ಷೇರು, ತೆರಿಗೆಯ ಅಳತೆಗೋಲು: ಡೆಲ್ಟಾ ಕಾರ್ಪ್ ಪ್ರಕರಣದ ಒಂದು ಓದು

ಮದ್ಯ, ತಂಬಾಕು, ಜೂಜು ಈ ಮೂರು ಉದ್ಯಮಗಳ ಷೇರುಗಳನ್ನು ಹಣಕಾಸು ಶಾಸ್ತ್ರದಲ್ಲಿ ‘ಪಾಪದ ಷೇರು’ಗಳೆಂದು ಕರೆಯುವುದು ರೂಢಿ. 2009ರಲ್ಲಿ ಹ್ಯಾರಿಸನ್ ಹಾಂಗ್ ಮತ್ತು ಮಾರ್ಚಿನ್ ಕಾಪರ್ಚಿಕ್ ಪ್ರಕಟಿಸಿದ ಅಧ್ಯಯನದ ವಾದ ಹೀಗಿದೆ: ಪಿಂಚಣಿ ನಿಧಿಗಳೂ ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳೂ ಮಡಿವಂತಿಕೆಯಿಂದ ಇವನ್ನು ಮುಟ್ಟುವುದಿಲ್ಲ, ಹಾಗಾಗಿ ಬೆಲೆ ತಗ್ಗಿರುತ್ತದೆ, ಧೈರ್ಯ ಮಾಡಿ ಕೊಂಡವರಿಗೆ ಪೇಟೆಯ ಸರಾಸರಿಗಿಂತ ಹೆಚ್ಚು ಪ್ರತಿಫಲ ಸಿಗುತ್ತದೆ. 2017ರಲ್ಲಿ ಡೇವಿಡ್ ಬ್ಲಿಟ್ಜ್ ಮತ್ತು ಫ್ರಾಂಕ್ ಫಬೋಜಿ ಇದನ್ನು ಮರುಪರಿಶೀಲಿಸಿ, ಆ ಹೆಚ್ಚುವರಿಗೆ ಪಾಪ ಕಾರಣವಲ್ಲ, ಈ ಕಂಪನಿಗಳ ಲಾಭದಾಯಕತೆ ಮತ್ತು ಹಿಡಿತದ ಬಂಡವಾಳ ಹೂಡಿಕೆ ಕಾರಣ ಎಂದರು. ಭಾರತದ ಮಟ್ಟಿಗೆ ಈ ಚರ್ಚೆ ಎರಡೂ ಬದಿಯಿಂದ ಗುರಿ ತಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಇಲ್ಲಿ ಜೂಜಿನ ಷೇರು ಕೊಂಡವನು ಕಂಪನಿಯ ವ್ಯವಹಾರದ ಮೇಲೆ ಹೂಡುವುದಕ್ಕಿಂತ ಹೆಚ್ಚಾಗಿ, ಸರ್ಕಾರ ಯಾವುದನ್ನು ಅಳೆದು ತೆರಿಗೆ ಹಾಕುತ್ತದೆ ಎಂಬುದರ ಮೇಲೆ ಹೂಡುತ್ತಾನೆ.

ಹಿನ್ನೆಲೆ ಚಿಕ್ಕದು. ಜೂಜು ವ್ಯಾಪಾರವೇ ಅಲ್ಲ, ಸಂವಿಧಾನದ ವೃತ್ತಿ ಸ್ವಾತಂತ್ರ್ಯದ ರಕ್ಷಣೆ ಅದಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಹೇಳಿತು. ಜೂಜು ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ, ಅಂದರೆ ಕಾನೂನು ಮಾಡುವುದು ರಾಜ್ಯಗಳ ಕೆಲಸ. ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ, 1996ರಲ್ಲಿ ಹಡಗುಗಳಲ್ಲಿ ಕ್ಯಾಸಿನೊಗೆ ದಾರಿ ಮಾಡಿತು. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಆ ಹಡಗುಗಳಿಗೆ ಅಲ್ಲಿರಲು ರಾಜ್ಯ ಸಂಪುಟ ಹಲವು ಬಾರಿ ಆರಾರು ತಿಂಗಳ ಲೆಕ್ಕದಲ್ಲಿ ಅವಧಿ ವಿಸ್ತರಿಸಿದ್ದುಂಟು. ಡೆಲ್ಟಾ ಕಾರ್ಪ್ ಇಂಥ ಕ್ಯಾಸಿನೊಗಳನ್ನು ನಡೆಸುತ್ತ ಷೇರು ಪೇಟೆಯಲ್ಲಿರುವ ಕಂಪನಿ. ಷೇರಿಗೆ ಮುಂದಿನ ಹತ್ತು ವರ್ಷದ ಗಳಿಕೆಯನ್ನು ಅಂದಾಜಿಸಿ ಬೆಲೆ ಕಟ್ಟುತ್ತಾರೆ. ಹಡಗಿಗೆ ಲಂಗರು ಹಾಕಲು ಹಲವು ಬಾರಿ ಸಿಕ್ಕ ಅನುಮತಿ ಆರು ತಿಂಗಳದ್ದು.

ಆದರೂ ಪೆಟ್ಟು ಬಿದ್ದದ್ದು ಆ ಕಡೆಯಿಂದಲ್ಲ, ತೆರಿಗೆಯ ಕಡೆಯಿಂದ. ಒಬ್ಬ ಆಟಗಾರ 10,000 ರೂಪಾಯಿಯ ಚಿಪ್ಸ್ ಕೊಂಡು ಮೇಜಿನ ಮುಂದೆ ಕೂರುತ್ತಾನೆ ಎಂದುಕೊಳ್ಳೋಣ. ಗೆದ್ದದ್ದನ್ನು ಮತ್ತೆ ಒಡ್ಡುತ್ತ, ಸೋಲುತ್ತ, ಗೆಲ್ಲುತ್ತ ರಾತ್ರಿಯಿಡೀ ಆಡಿದಾಗ ಅವನು ಒಡ್ಡಿದ ಪಣಗಳ ಮೊತ್ತ 60,000 ಮುಟ್ಟುತ್ತದೆ. ಏಳುವಾಗ ಕೈಯಲ್ಲಿ 7,000 ಉಳಿದಿದೆ. ಕ್ಯಾಸಿನೊಗೆ ದಕ್ಕಿದ್ದು 3,000. ಶೇ 28ರ ಜಿಎಸ್‌ಟಿಯನ್ನು ಕ್ಯಾಸಿನೊದ ಗಳಿಕೆಯ ಮೇಲೆ ಹಾಕಿದರೆ 840 ರೂಪಾಯಿ. ಒಳಬಂದ ಹಣದ ಮೇಲೆ ಹಾಕಿದರೆ 2,800. ಪ್ರತಿ ಪಣದ ಮುಖಬೆಲೆಯ ಮೇಲೆ ಹಾಕಿದರೆ 16,800. ದರ ಬದಲಾಗಿಲ್ಲ, ಆಟವೂ ಬದಲಾಗಿಲ್ಲ. ಆದರೆ ಮೂರನೆಯ ಲೆಕ್ಕದಲ್ಲಿ ತೆರಿಗೆಯು ಕ್ಯಾಸಿನೊ ಗಳಿಸಿದ್ದರ ಐದು ಪಟ್ಟನ್ನು ದಾಟುತ್ತದೆ.

2023ರ ಜುಲೈ 11ರಂದು ಜಿಎಸ್‌ಟಿ ಮಂಡಳಿ ಪೂರ್ಣ ಮೌಲ್ಯದ ಮೇಲೆ ಶೇ 28 ಎಂದು ತೀರ್ಮಾನಿಸಿತು. ಮರುದಿನ ಡೆಲ್ಟಾ ಷೇರು ಶೇ 20ಕ್ಕೂ ಹೆಚ್ಚು ಕುಸಿಯಿತು. ಆಗಸ್ಟ್ 2ರ ಸಭೆಯಲ್ಲಿ ಮಂಡಳಿ, ಗೆದ್ದ ಹಣದಿಂದ ಮತ್ತೆ ಆಡಿದ್ದಕ್ಕೆ ತೆರಿಗೆಯಿಲ್ಲ, ಒಳಬಂದ ಹಣಕ್ಕಷ್ಟೇ ಎಂದು ಸ್ಪಷ್ಟಪಡಿಸಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಅಂದರೆ ಮುಂದಿನ ಕಾಲಕ್ಕೆ ಎರಡನೆಯ ಲೆಕ್ಕ. ಕಳೆದ ಕಾಲಕ್ಕೆ? ಸೆಪ್ಟೆಂಬರ್ 22ರಂದು, 2017ರ ಜುಲೈಯಿಂದ 2022ರ ಮಾರ್ಚ್‌ವರೆಗಿನ ಬಾಕಿಯೆಂದು ಡೆಲ್ಟಾ ಮತ್ತು ಅದರ ಅಂಗಸಂಸ್ಥೆಗಳಿಗೆ ಒಟ್ಟು 16,822 ಕೋಟಿ ರೂಪಾಯಿಯ ನೋಟಿಸ್ ಬಂತು. ಕಂಪನಿಯ ಆಕ್ಷೇಪ ಸರಳ: ಗಳಿಕೆಯ ಬದಲು ಪಣಗಳ ಒಟ್ಟು ಮೊತ್ತವನ್ನೇ ಹಿಡಿದು ಲೆಕ್ಕ ಹಾಕಿದ್ದಾರೆ.

ಆಗ ಕಂಪನಿಯ ಮಾರುಕಟ್ಟೆ ಮೌಲ್ಯ ಸುಮಾರು 4,700 ಕೋಟಿ. ಬೇಡಿಕೆ ಅದರ ಮೂರೂವರೆ ಪಟ್ಟು. ಆದರೂ ಮುಂದಿನ ವಹಿವಾಟಿನ ದಿನ ಷೇರು ಕಳೆದುಕೊಂಡದ್ದು ಸುಮಾರು ಐದನೇ ಒಂದು ಪಾಲು ಮಾತ್ರ. ಪೇಟೆಗೆ ಲೆಕ್ಕ ಬರಲಿಲ್ಲವೇ? ಬಂತು. ಷೇರುದಾರನ ಹೊಣೆ ಅವನು ಹಾಕಿದ ಹಣಕ್ಕೆ ಸೀಮಿತ. ಬೇಡಿಕೆ 5,000 ಕೋಟಿಯಾದರೂ 16,000 ಕೋಟಿಯಾದರೂ ಅವನ ಷೇರಿನ ಬೆಲೆ ಸೊನ್ನೆಯ ಕೆಳಗೆ ಇಳಿಯದು. ಮೌಲ್ಯದ ಗಡಿ ದಾಟಿದ ಮೇಲೆ ಮೊತ್ತ ಮುಖ್ಯವಲ್ಲ, ಅದು ಊರ್ಜಿತವಾಗುವ ಸಾಧ್ಯತೆ ಮುಖ್ಯ. ಆ ದಿನದ ಕುಸಿತವನ್ನು ಹೀಗೆ ಓದಬಹುದು: ಕಂಪನಿ ಪೂರ್ತಿ ಮುಳುಗುವ ಸಾಧ್ಯತೆಗೆ ಪೇಟೆ ಐದರಲ್ಲಿ ಒಂದರಷ್ಟು ಹೆಚ್ಚುವರಿ ತೂಕ ಕೊಟ್ಟಿತು. ಇದು ಒರಟು ಅಂದಾಜು, ಜುಲೈಯಲ್ಲೇ ಬೆಲೆಗೆ ಸೇರಿಹೋಗಿದ್ದ ಭಯ ಇದರಲ್ಲಿ ಕಾಣದು. ಆದರೂ ಇಂಥ ಷೇರಿಗೆ ಬೆಲೆ-ಗಳಿಕೆ ಅನುಪಾತ ನೋಡಿ ‘ಅಗ್ಗ’ ಎನ್ನುವವರ ಮಾತಿಗಿಂತ ಇದು ಹೆಚ್ಚು ಪ್ರಾಮಾಣಿಕ.

ಇದೇ ತೆರಿಗೆಯ ಎದುರು ಹಣದ ಆಟ ನಡೆಸುವ ಆನ್‌ಲೈನ್ ಕಂಪನಿಗಳು ‘ಇದು ಕೌಶಲದ ಆಟ, ಜೂಜಲ್ಲ’ ಎಂಬ ಗುರಾಣಿ ಹಿಡಿದಿದ್ದವು. ಅದರ ನಿಜವಾದ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ಇಲ್ಲಿನ ರಮ್ಮಿ ಕಂಪನಿ ಗೇಮ್ಸ್‌ಕ್ರಾಫ್ಟ್‌ಗೆ ಬಂದಿದ್ದ ಸುಮಾರು 21,000 ಕೋಟಿಯ ಜಿಎಸ್‌ಟಿ ನೋಟಿಸನ್ನು ಕರ್ನಾಟಕ ಹೈಕೋರ್ಟ್ 2023ರ ಮೇ 11ರಂದು ರದ್ದುಮಾಡಿತು. ರಮ್ಮಿ ಕೌಶಲದ ಆಟ, ಜೂಜಲ್ಲ ಎಂಬುದು ಅದರ ನಿಲುವು. ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಡೆಲ್ಟಾಗೆ ನೋಟಿಸ್ ಬಂದದ್ದು ಇದಾದ ಹದಿನಾರು ದಿನಗಳಿಗೆ ಎಂಬುದನ್ನು ಗಮನಿಸಬೇಕು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸಿತು: 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಯ ಅಂಕಿತ. ಆನ್‌ಲೈನ್ ಪೋಕರ್ ತಾಣ ಪೋಕರ್‌ಬಾಜಿ ನಡೆಸುತ್ತಿದ್ದ ಮೂನ್‌ಶೈನ್‌ನಲ್ಲಿ ಷೇರು ಪೇಟೆಯಲ್ಲಿರುವ ನಜಾರಾ ಟೆಕ್ನಾಲಜೀಸ್‌ಗೆ ಶೇ 46ಕ್ಕೂ ಹೆಚ್ಚು ಪಾಲಿತ್ತು. ಮೂನ್‌ಶೈನ್‌ನ ವರಮಾನ ನಜಾರಾದ ವರಮಾನಕ್ಕೆ ಸೇರುತ್ತಿರಲಿಲ್ಲ. ಆದರೂ ನಜಾರಾದ ಷೇರು ಒಂದೇ ದಿನದಲ್ಲಿ ಶೇ 10ಕ್ಕಿಂತ ಹೆಚ್ಚು ಇಳಿಯಿತು.

ನೀರಿನ ಮೇಲಿನ ಕ್ಯಾಸಿನೊಗಳನ್ನು ಆ ಕಾನೂನು ಮುಟ್ಟಲಿಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ಅವುಗಳಿಗೂ ಶೇ 40ರ ದರ. ಮೇಲಿನ ಆಟಗಾರನ 10,000ಕ್ಕೆ ಈಗ ತೆರಿಗೆ 4,000. ಕ್ಯಾಸಿನೊಗೆ ದಕ್ಕಿದ್ದು ಅದೇ 3,000. ಕೊರತೆ ಬೀಳುವ ಸಾವಿರವನ್ನು ಆಟಗಾರನಿಂದ ವಸೂಲು ಮಾಡಿದರೆ ಅವನು ಎಷ್ಟು ದಿನ ಬರುತ್ತಾನೆ, ತಾನೇ ನುಂಗಿದರೆ ಷೇರುದಾರನಿಗೆ ಏನು ಉಳಿಯುತ್ತದೆ ಎಂಬುದೇ ಈ ಷೇರನ್ನು ತೂಗುವವರು ಮೊದಲು ಬಿಡಿಸಬೇಕಾದ ಲೆಕ್ಕ.