ಅಚ್ಚಿನಲ್ಲಿ ಉಳಿದ ಕಪ್ಪೆ

ಕಳೆದ ವರ್ಷ ನನ್ನ ಲೇಖನವೊಂದು ಸಂಶೋಧನಾ ಪತ್ರಿಕೆಯಿಂದ ವಾಪಸು ಬಂತು. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಇತಿಹಾಸ ಕುರಿತದ್ದು. ಗಿಡ್ಡಗೆ ದಪ್ಪಗಿರುವ ಡಬ್ಬಿ, ಉದ್ದಕ್ಕೆ ತೆಳ್ಳಗಿರುವ ಕಡ್ಡಿ, ಈ ಎರಡು ಬಗೆಗಳ ಬಗ್ಗೆ ನಮ್ಮ ಕಡೆಯ ಹಿರಿಯ ಬೆಳೆಗಾರರೊಬ್ಬರು ಹೇಳಿದ್ದನ್ನು ಅದರಲ್ಲಿ ಬಳಸಿದ್ದೆ. ಹೆಸರು ತಿಳಿಸದ ಪರಿಶೀಲಕರು ಆ ಸಾಲಿನ ಎದುರು ಬರೆದದ್ದು ಇಷ್ಟೇ: ಇದು ಎಲ್ಲಿ ಪ್ರಕಟವಾಗಿದೆ?

ಸಿಟ್ಟು ಬಂತು. ಆದರೆ ಆ ಪ್ರಶ್ನೆಗೂ ಒಂದು ಇತಿಹಾಸವಿದೆ.

ಮೊದಲು ವಿದ್ವಾಂಸರು ತಮ್ಮ ಶೋಧಗಳನ್ನು ಒಬ್ಬರಿಗೊಬ್ಬರು ಕಾಗದ ಬರೆದು ತಿಳಿಸುತ್ತಿದ್ದರು. ಯಾರು ಮೊದಲು ಕಂಡರು ಎಂಬ ಜಗಳ ತಪ್ಪುತ್ತಿರಲಿಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಆರಂಭಿಸಿದ ಮೇಲೆ ಅಚ್ಚಾದ ತಾರೀಕೇ ಸಾಕ್ಷಿಯಾಯಿತು. ಬೇರೆ ತಜ್ಞರು ಓದಿ ಒಪ್ಪಬೇಕೆಂಬ ಪದ್ಧತಿ ಬಲಗೊಂಡದ್ದು ನಿಧಾನವಾಗಿ. 'ನೇಚರ್' ಅದನ್ನು ಕಡ್ಡಾಯ ಮಾಡಿದ್ದು 1973ರಲ್ಲಿ.

ನಮ್ಮವರಿಗೆ ದೂರವೂ ಒಂದು ತೊಡಕಾಗಿತ್ತು. ರಾಮನ್ ಮತ್ತು ಕೃಷ್ಣನ್ ಕಲ್ಕತ್ತೆಯಲ್ಲಿ 1928ರ ಫೆಬ್ರುವರಿ 16ರಂದು ಬರೆದ ಟಿಪ್ಪಣಿ 'ನೇಚರ್'ನಲ್ಲಿ ಅಚ್ಚಾಗುವಾಗ ಮಾರ್ಚ್ 31. 1932ರ ಜುಲೈಯಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಹೊರಟಿತು. ಅದರ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್.

ರಾವ್ ಕಪ್ಪೆಗಳ ಅಧ್ಯಯನಕಾರರು. ಕೊಡಗಿನ ಒಂದು ರಾತ್ರಿಗಪ್ಪೆಯನ್ನು 1920ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದರು. ಕಾಲೇಜಿನಲ್ಲಿಟ್ಟಿದ್ದ ಅವರ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಕಪ್ಪೆಯೂ ಮತ್ತೆ ಯಾರ ಕಣ್ಣಿಗೂ ಬಿದ್ದ ವರದಿ ಬರಲಿಲ್ಲ. ಉಳಿದದ್ದು ಅಚ್ಚಾದ ವರ್ಣನೆ ಮಾತ್ರ. 91 ವರ್ಷದ ಮೇಲೆ, 2011ರಲ್ಲಿ, ಆ ಕಪ್ಪೆ ಮತ್ತೆ ಸಿಕ್ಕಿದ ಸುದ್ದಿ ಪ್ರಕಟವಾಯಿತು. ಇದೇ ಅದು ಎಂದು ಗುರುತು ಹಿಡಿಯಲು ರಾವ್ ಅವರ ಬರಹ ಬೇಕಾಯಿತು. ಪರಿಶೀಲಕರ ಪ್ರಶ್ನೆಯಲ್ಲಿ ನ್ಯಾಯವಿದೆ ಎಂದು ನನಗೆ ಅನ್ನಿಸಿದ್ದು ಇಲ್ಲಿ.

ಆದರೆ ಅದೇ ಸೆಂಟ್ರಲ್ ಕಾಲೇಜಿನಲ್ಲಿ ಇನ್ನೊಂದು ಕಥೆಯೂ ಇದೆ. ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಂದಿಗೆ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತಂದರು. 'ಕರೆಂಟ್ ಸೈನ್ಸ್' ಇಂದಿಗೂ ಬರುತ್ತಿದೆ. 'ವಿಜ್ಞಾನ' ಎರಡೇ ವರ್ಷದಲ್ಲಿ ನಿಂತಿತು. ವಿಜ್ಞಾನವನ್ನು ಕನ್ನಡದಲ್ಲಿ ಓದುವವರಿಗೆ ತಲುಪಿಸುವ ಕೆಲಸ ಇಂದಿಗೂ ಅರ್ಧಕ್ಕೇ ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ಬಣ್ಣ, ಖಾರ, ಮುಟುರು ರೋಗದ ಮೇಲೆ ಇಂಗ್ಲಿಷಿನಲ್ಲಿ ಲೇಖನಗಳಿವೆ. ಕಾಯಿ ಬೆಳೆದವರ ಮನೆಗೆ ಅವು ಬರುವುದು ಅಪರೂಪ. ಅವರು ತಿಳಿದದ್ದು ಆ ಲೇಖನಗಳೊಳಗೆ ಹೋಗುವುದು ಇನ್ನೂ ಅಪರೂಪ.

ಹಾಗಾಗಿ ಆ ಸಾಲನ್ನು ನಾನು ತೆಗೆಯಲಿಲ್ಲ. ಮತ್ತೆ ಊರಿಗೆ ಹೋಗಿ, ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಊರು ಮತ್ತು ತಾರೀಕು ಹಾಕಿ ಲೇಖನಕ್ಕೆ ಸೇರಿಸಿದೆ. ಕಳಿಸುವ ಮುನ್ನ ಅದರ ಕನ್ನಡ ಪ್ರತಿಯನ್ನು ಅವರಿಗೆ ಓದಿ ಹೇಳಿದೆ. ಎರಡು ಕಡೆ ತಪ್ಪು ಹಿಡಿದರು. ಎರಡನ್ನೂ ತಿದ್ದಿದ್ದೇನೆ.